ಸ್ಪಷ್ಟನೆ: ಹಿಪೊಕ್ಯಾಂಪಸ್ ಗಾತ್ರ ಮತ್ತು ತಲೆಯ ಅಳತೆ

ಹೆಂಗಸರ ಹಿಪೊಕ್ಯಾಂಪಸ್ (ನೆನಪಿಗೆ ಮುಖ್ಯವಾದ ಮಿದುಳಿನ ಭಾಗ) ಚಿಕ್ಕದಾದ್ದರಿಂದ ಅವರ ನೆನಪಿನ ಶಕ್ತಿಯೂ ಕಡಿಮೆ ಎಂದು ಎಂಆರ್‌ಐ ಚಿತ್ರದ ಸಮೇತ ಸಾಗರ, ತೀರ್ಥಹಳ್ಳಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿರುವ ಸಂದೇಶ ತಪ್ಪು. ಗಂಡಸರ ತಲೆಬುರುಡೆ ಸರಾಸರಿಯಲ್ಲಿ ದೊಡ್ಡದು. ಅದನ್ನು ಗಣಿಸದೆ ಒಳಭಾಗಗಳನ್ನು ಹೋಲಿಸುವುದು, ತೋಟದ ವಿಸ್ತೀರ್ಣ ಕೇಳದೆ ಅಡಿಕೆ ಮೂಟೆಗಳನ್ನಷ್ಟೇ ಎಣಿಸಿದಂತೆ. ಆದ್ದರಿಂದಲೇ ಸಂಶೋಧಕರು ಬುರುಡೆಯೊಳಗಿನ ಒಟ್ಟು ಗಾತ್ರವನ್ನು ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಮುಪ್ಪಿನಲ್ಲಿ ಮಿದುಳು ಕುಗ್ಗಿದರೂ ಆ ಗಾತ್ರ ಹೆಚ್ಚು ಬದಲಾಗದು. ಮಿದುಳಿನ ಭಾಗದ ಗಾತ್ರವನ್ನು ಈ ಒಟ್ಟು ಗಾತ್ರದಿಂದ ಬರೀ ಭಾಗಿಸಿದರೂ ಸಾಲದು, ಏಕೆಂದರೆ ತಲೆ ದೊಡ್ಡದಾದಷ್ಟೇ ಪ್ರಮಾಣದಲ್ಲಿ ಪ್ರತಿ ಭಾಗವೂ ದೊಡ್ಡದಾಗಿರುವುದಿಲ್ಲ, ಹೀಗಾಗಿ ಚಿಕ್ಕ ತಲೆಯವರ ಅನುಪಾತ ಸುಮ್ಮನೆ ಉಬ್ಬಿ ಕಾಣಬಹುದು. ತಲೆಯ ಗಾತ್ರದ ಜೊತೆ ಆ ಭಾಗದ ಗಾತ್ರ ನಿಜಕ್ಕೂ ಎಷ್ಟು ಬದಲಾಗುತ್ತದೆ ಎಂದು ಅಳತೆಗಳಿಂದಲೇ ಲೆಕ್ಕ ಹಾಕಿ ಸರಿಹೊಂದಿಸುವ ರಿಗ್ರೆಶನ್ ವಿಧಾನ ಇದಕ್ಕಿಂತ ಮೇಲು ಎಂಬುದು ನನ್ನ ಅಭಿಪ್ರಾಯ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2016ರ ವಿಶ್ಲೇಷಣೆಯೊಂದರಲ್ಲಿ, ತಲೆಯ ಗಾತ್ರಕ್ಕೆ ಹೊಂದಿಸಿದ ಮೇಲೆ ಹೆಣ್ಣು–ಗಂಡಿನ ಹಿಪೊಕ್ಯಾಂಪಸ್ ನಡುವೆ ಗಣನೀಯ ಅಂತರ ಉಳಿಯಲಿಲ್ಲ. ಶಾಲೆಗೆ ಹೋಗುವ ಹೆಣ್ಣುಮಕ್ಕಳೂ ಓದುವ ಗುಂಪುಗಳಿಗೆ ಆ ತಪ್ಪು ಸಂದೇಶವನ್ನು ದಯವಿಟ್ಟು ಕಳುಹಿಸಬೇಡಿ.