ತಿಂದವನ ಮುಖ ಸಾಕು, ಬೇಯಿಸಿದವರ ಕೈ ತೋರಿಸಿ

ಅಲ್ಲಾ ಕಣ್ರೀ, ಊಟದ ವಿಡಿಯೋ ಅಂದ್ಮೇಲೆ ಅದರಲ್ಲಿ ಅಡುಗೆ ಇರಬೇಕೋ ಬೇಡವೋ?

ಈಗಷ್ಟೇ ಒಂದು ನೋಡಿ ಮುಗಿಸಿದೆ. "ನಿಮಗೆ ಖಂಡಿತಾ ಇಷ್ಟ ಆಗುತ್ತೆ ಮೇಡಂ" ಅಂತ ಒಬ್ಬರು ಟ್ಯಾಗ್ ಮಾಡಿದ್ರು. ಒಬ್ಬ ಹುಡುಗ, ಹಿಂದೆ ಕಾಡು, ಮುಂದೆ ಬೆಂಕಿ, ಬೆಂಕಿಯ ಮೇಲೆ ಚರ್ಮ ಸುಲಿದ ಯಾವುದೋ ಪ್ರಾಣಿ. ಯಾವ ಪ್ರಾಣಿ ಅಂತ ಹೇಳೋ ಹಾಗಿಲ್ಲ, ಅದು ಸಸ್ಪೆನ್ಸು. "ಗೆಸ್ ಮಾಡಿ, ಕಾಮೆಂಟ್ ಮಾಡಿ" ಅಂತೆ. ತುಂಡು ಕಿತ್ತು ಕ್ಯಾಮೆರಾ ಹತ್ತಿರ ಹಿಡಿದ. ಹೊರಗೆ ಕರಕಲು, ಒಳಗೆ ಇನ್ನೂ ಕೆಂಪು. ಕಚ್ಚಿದ. ಕಣ್ಣು ಮುಚ್ಚಿದ. ಹುಬ್ಬು ಹಾರಿಸಿದ. ಆಮೇಲೆ ತೀರ್ಪು ಬಂತು: "ಸೇಮ್ ಚಿಕನ್!"

ಸೇಮ್ ಚಿಕನ್ ಆಗಿದ್ರೆ ಚಿಕನ್ನೇ ತಿನ್ನಬಹುದಿತ್ತಲ್ಲ ಮಹಾರಾಯ.

ಕೆಳಗೆ ಅರ್ಧ ಜನ ವಾಂತಿ ಮಾಡೋ ಇಮೋಜಿ ಹಾಕಿದ್ದಾರೆ, ಇನ್ನರ್ಧ ಜನ ಬೆಂಕಿ ಇಮೋಜಿ. "ಎಷ್ಟು ಹೊತ್ತು ಬೇಯಿಸಿದೆ?" ಅಂತ ಒಬ್ಬರೂ ಕೇಳಿಲ್ಲ. ನಾನು ಕೇಳಿದೆ. ಉತ್ತರಕ್ಕೆ ಹಲ್ಲು ಕಿರಿಯೋ ಮುಖ ಒಂದು ಬಂತು.

ಈಗ ಕೆಲವರು "ಓ, ಇವರಿಗೆ ಅಸಹ್ಯ ಆಗಿರಬೇಕು" ಅಂತ ಅಂದ್ಕೊಳ್ತೀರಿ. ನನ್ನನ್ನು ಬಲ್ಲವರು ಹಾಗೆ ಅನ್ನಲ್ಲ. ಹಳೇ ನಾವಿಕರ, ಅನ್ವೇಷಕರ ದಿನಚರಿ ಕೈಗೆ ಸಿಕ್ಕರೆ, ಯಾವ ದ್ವೀಪ ಕಂಡುಹಿಡಿದರು ಅನ್ನೋದು ಬಿಟ್ಟು ಅಲ್ಲಿ ಏನು ಬೇಯಿಸಿಕೊಂಡು ತಿಂದರು ಅನ್ನೋ ಪುಟ ಮೊದಲು ಹುಡುಕೋಳು ನಾನು. ವಿಚಿತ್ರ ಊಟ ಅಂದ್ರೆ ನನಗೆ ಜೊಲ್ಲು ಬರದಿದ್ರೂ ಕಿವಿಯಂತೂ ನೆಟ್ಟಗಾಗುತ್ತೆ. ಸಿಟ್ಟು ಬರೋದೂ ಅದಕ್ಕೇ. ಈ ಊಟಗಳಲ್ಲಿ ನಿಜವಾಗಿ ಬೆರಗಾಗೋ ಭಾಗ ಯಾವುದೋ ಅದನ್ನೇ ಕತ್ತರಿಸಿ ಎಸೆದು, ಬಾಯಿ ಅಗಲಿಸಿದ ಮುಖ ಒಂದನ್ನು ನಮಗೆ ಬಡಿಸ್ತಾರೆ.

ಐಸ್‌ಲ್ಯಾಂಡಿನ ಹಾಕಾರ್ಲ್ ನೋಡಿ. ಗ್ರೀನ್‌ಲ್ಯಾಂಡ್ ಶಾರ್ಕಿನ ಮಾಂಸ. ಹಾಗೇ ತಾಜಾ ತಿಂದರೆ ವಿಷ, ತಿಂದವರು ಕುಡಿದವರ ಹಾಗೆ ತೂರಾಡ್ತಾರೆ. ಹಾಗಂತ ಅದನ್ನು ಬಿಟ್ಟುಬಿಡೋಣ ಅಂದ್ರೆ, ಆ ಚಳಿ ನೆಲದಲ್ಲಿ ಅಷ್ಟು ದೊಡ್ಡ ಮೀನನ್ನು ಬಿಡೋದುಂಟೇ? ಹಳೇ ಕ್ರಮದಲ್ಲಿ ಜಲ್ಲಿಮರಳಿನ ಗುಂಡಿ ತೋಡಿ, ಮಾಂಸ ಹೂತು, ಮೇಲೆ ಕಲ್ಲು ಹೇರ್ತಿದ್ರು. 6ರಿಂದ 12 ವಾರ ಹಾಗೇ ಇದ್ದು ಅದರ ನೀರೆಲ್ಲ ಬಸಿದುಹೋಗಬೇಕು, ಮಾಂಸ ಹುಳಿತು ಹದಕ್ಕೆ ಬರಬೇಕು. ಆಮೇಲೆ ಪಟ್ಟಿ ಕೊಯ್ದು, ಗಾಳಿಯಾಡೋ ಕೊಟ್ಟಿಗೆಯಲ್ಲಿ ತಿಂಗಳುಗಟ್ಟಲೆ ನೇತುಹಾಕಬೇಕು. ಮೇಲೆ ಕಟ್ಟಿದ ಕಂದು ಸಿಪ್ಪೆ ಹೆರೆದು, ಒಳಗಿನದನ್ನು ಸಣ್ಣ ಸಣ್ಣ ತುಂಡು ಮಾಡಿ ಕೊಡ್ತಾರೆ. ಅಮೋನಿಯಾ ವಾಸನೆ ಮೂಗಿಗೆ ಹೊಡೆಯುತ್ತಂತೆ. ಹೊಡೀಲಿ ಬಿಡಿ. ಮೊದಲ ಸಲ ಈ ಕ್ರಮಾನ ಯಾರು ಕಂಡುಕೊಂಡ್ರೋ, ಅದಕ್ಕೂ ಮುಂಚೆ ಎಷ್ಟು ಜನ ತೂರಾಡಿ ಬಿದ್ದರೋ! ನನಗೆ ಆ ಕತೆ ಬೇಕು. ಪ್ರವಾಸಿಯೊಬ್ಬ ಒಂದು ತುಂಡು ಬಾಯಿಗೆ ಹಾಕಿಕೊಂಡು ಮುಖ ಹಿಂಡೋದನ್ನು ಕಟ್ಟಿಕೊಂಡು ನನಗೇನಾಗಬೇಕು?

ಜಪಾನಿನ ಫುಗು ಮೀನಿನದೂ ಇದೇ ಪಾಡು. ಯಾರು ವಿಡಿಯೋ ಮಾಡಿದ್ರೂ "ಇವತ್ತು ನಾನು ಸಾಯಬಹುದು ಫ್ರೆಂಡ್ಸ್" ಅಂತಲೇ ಶುರು. ಅದರ ಲಿವರ್ ಮತ್ತು ಅಂಡಾಶಯದಲ್ಲಿರೋ ವಿಷ ಬೇಯಿಸಿದ್ರೂ ಹೋಗಲ್ಲ, ಅದಕ್ಕೆ ಪ್ರತಿವಿಷವೂ ಇಲ್ಲ. ಅದಕ್ಕೇ ಅಲ್ಲಿ ಅಡುಗೆಯವರು ವರ್ಷಗಟ್ಟಲೆ ಕಲಿತು, ಪರೀಕ್ಷೆ ಪಾಸು ಮಾಡಿ, ಪರವಾನಗಿ ತಗೊಂಡಮೇಲೇ ಆ ಮೀನಿಗೆ ಚಾಕು ಹಾಕೋದು. ಇಷ್ಟೆಲ್ಲ ಇದ್ದೂ 1975ರಲ್ಲಿ ಹೆಸರಾಂತ ಕಬುಕಿ ನಟ ಎಂಟನೇ ಬಂಡೋ ಮಿತ್ಸುಗೊರೋ ಕ್ಯೋಟೋದಲ್ಲಿ ಫುಗು ಲಿವರನ್ನೇ ನಾಲ್ಕು ಪಾಲು ತರಿಸಿಕೊಂಡು ತಿಂದು ತೀರಿಕೊಂಡರು. ನಮ್ಮ ವಿಡಿಯೋ ವೀರರು ಕೂತಿರೋದು ಪರೀಕ್ಷೆ ಪಾಸಾದವನ ಎದುರಿಗೆ. ಧೈರ್ಯದ ಲೆಕ್ಕ ಮಾತ್ರ ಇವರ ಖಾತೆಗೆ!

ಆಫ್ರಿಕಾದ ದಕ್ಷಿಣದ ದೇಶಗಳಲ್ಲಿ ಮೊಪಾನೆ ಮರದ ಮೇಲೆ ಬೆಳೆಯೋ ಮರಿಹುಳು ತಿಂತಾರೆ. ಹೆಂಗಸರು ಅದನ್ನು ಕೈಯಲ್ಲಿ ಆರಿಸಿ, ಒಂದೊಂದನ್ನೂ ಹಿಸುಕಿ ಕರುಳಿನ ಹಸಿರು ಹೊರಹಾಕಿ, ಉಪ್ಪುನೀರಲ್ಲಿ ಕುದಿಸಿ, ಬಿಸಿಲಿಗೆ ಹರವಿ ಒಣಗಿಸಿಡ್ತಾರೆ. ತಿಂಗಳುಗಟ್ಟಲೆ ಕೆಡಲ್ಲ. ಮುಳ್ಳುಮುಳ್ಳಾದ ಹುಳುವನ್ನು ಹಿಸುಕೀ ಹಿಸುಕೀ ಆ ಬೆರಳುಗಳು ಏನಾಗಿರಬೇಡ! ಸಾವಿರಾರು ಹುಳು ಹಿಸುಕಿದವಳ ಹೆಸರು ಎಲ್ಲೂ ಇಲ್ಲ. ಅದರಲ್ಲಿ ಒಂದನ್ನು ನುಂಗಿ ಕಿರುಚಿದವನಿಗೆ ಲಕ್ಷ ಲೈಕು.

ಈ ಚಾಳಿ ಮೊಬೈಲ್ ಬಂದಮೇಲೆ ಹುಟ್ಟಿದ್ದೇನಲ್ಲ. ಆಕ್ಸ್‌ಫರ್ಡಿನಲ್ಲಿ ವಿಲಿಯಂ ಬಕ್‌ಲ್ಯಾಂಡ್ ಅಂತ ಭೂವಿಜ್ಞಾನಿ ಇದ್ದರು. 1824ರಲ್ಲಿ ಮೆಗಲೋಸಾರಸ್ ಅನ್ನೋ ಡೈನೋಸಾರನ್ನು ಮೊದಲು ವರ್ಣಿಸಿದ ದೊಡ್ಡ ಮನುಷ್ಯ. ಪ್ರಾಣಿಲೋಕವನ್ನು ಸಾಲಾಗಿ ತಿಂದು ಮುಗಿಸಬೇಕು ಅನ್ನೋದು ಅವರ ಹಠ. ನೆಲ ಬಗೆಯೋ ಮೋಲ್ ಪ್ರಾಣಿಯ ಮಾಂಸವೇ ಅತಿ ಕೆಟ್ಟದ್ದು ಅಂತಿದ್ದವರು, ಮಾಂಸದ ಮೇಲೆ ಮುತ್ತೋ ನೀಲಿ ನೊಣ ತಿಂದಮೇಲೆ ಅಭಿಪ್ರಾಯ ಬದಲಿಸಿದರು. ಒಬ್ಬ ಫ್ರೆಂಚ್ ರಾಜನ ಒಣಗಿದ ಹೃದಯವನ್ನೂ ನುಂಗಿದರು ಅನ್ನೋ ಕತೆ ಇದೆ, ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಮಗ ಫ್ರಾಂಕ್ ಇನ್ನೂ ಒಂದು ಕೈ ಮೇಲು. ಮೃಗಾಲಯದಲ್ಲಿ ಸತ್ತು ಎರಡು ದಿನ ಹೂತಿದ್ದ ಚಿರತೆಯನ್ನು ಅಗೆಸಿ ತರಿಸಿಕೊಂಡು ತಿಂದ, ಅಷ್ಟೇನೂ ಚೆನ್ನಾಗಿರಲಿಲ್ಲ ಅಂದ. ಅಯ್ಯೋ ಪಾಪ, ಚೆನ್ನಾಗಿರುತ್ತೆ ಅಂತ ನಿರೀಕ್ಷೆ ಬೇರೆ ಇತ್ತೇನೋ! ಅಪ್ಪ-ಮಗ ತಿಂದದ್ದೆಲ್ಲ ದಾಖಲಾಗಿದೆ. ಆ ಮೋಲನ್ನೂ ಆ ನೊಣವನ್ನೂ "ಇವತ್ತು ಇದನ್ನು ಮಾಡು" ಅಂತ ಕೈಗೆ ಕೊಟ್ಟಾಗ ಅಡುಗೆಮನೆಯಲ್ಲಿ ನಿಂತಿದ್ದವರು ಏನಂದ್ಕೊಂಡ್ರು ಅಂತ ಯಾರಾದ್ರೂ ಬರೆದಿದ್ರೆ ನಾನು ಪೂರ್ತಿ ಓದ್ತಿದ್ದೆ.

ಇನ್ನು ಈ "ಗೆಸ್ ಮಾಡಿ" ಆಟ. ಏನು ತಿಂತಿದ್ದೀನಿ ಅಂತ ಗೊತ್ತಿರೋದು ಅಡುಗೆಯ ಮೊದಲನೇ ಮೆಟ್ಟಿಲು ಕಣ್ರೀ. ಡಾರ್ವಿನ್ನೇ ಇದರಲ್ಲಿ ಎಡವಿದ್ದಾನೆ. ಪ್ಯಾಟಗೋನಿಯಾದಲ್ಲಿ ರಿಯಾ ಅನ್ನೋ ಹಾರದ ದೊಡ್ಡ ಹಕ್ಕಿಗಳಲ್ಲಿ ಅಪರೂಪದ ಚಿಕ್ಕ ಜಾತಿಯೊಂದನ್ನು ಹುಡುಕ್ತಾ ಇದ್ದ. ಜೊತೆಗಿದ್ದ ಚಿತ್ರಕಾರ ಒಂದು ಹಕ್ಕಿ ಹೊಡೆದು ತಂದ. ಮಾಮೂಲಿ ಜಾತಿಯ ಮರಿ ಅಂದುಕೊಂಡು ಬೇಯಿಸಿದರು, ತಿಂದರು. ಆಮೇಲೆ ಹೊಳೆಯಿತು ಪುಣ್ಯಾತ್ಮನಿಗೆ! ಉಳಿದಿದ್ದ ತಲೆ, ಕುತ್ತಿಗೆ, ಕಾಲು, ರೆಕ್ಕೆ ಎಲ್ಲ ಬಳಿದು ಲಂಡನ್ನಿಗೆ ಕಳಿಸಿದ. ಅವನಾದರೂ ನಾಚಿಕೆ ಬಿಟ್ಟು ಇದನ್ನು ಬರೆದಿಟ್ಟ.

1951ರಲ್ಲಿ ನ್ಯೂಯಾರ್ಕಿನ ಎಕ್ಸ್‌ಪ್ಲೋರರ್ಸ್ ಕ್ಲಬ್ಬಿನ ದೊಡ್ಡವರು ಇನ್ನೊಂದು ಊಟ ಮಾಡಿದರು. ಸಾವಿರಾರು ವರ್ಷ ಹಿಮದಲ್ಲಿ ಹೂತಿದ್ದ ಪ್ರಾಣಿಯ ಮಾಂಸವಂತೆ. ಕೆಲವರು ಮ್ಯಾಮತ್ (ಈಗ ಅಳಿದುಹೋಗಿರೋ ಆನೆಜಾತಿ) ಅಂದರು, ಕೆಲವರು ದೈತ್ಯ ಸ್ಲಾತ್ (ಅದೂ ಅಳಿದುಹೋದ ದೊಡ್ಡ ಪ್ರಾಣಿ) ಅಂದರು. ಅವತ್ತು ಬರಲಾಗದ ಒಬ್ಬರಿಗೆ ಒಂದು ತುಂಡು ಬಾಟಲಿಯಲ್ಲಿ ತೆಗೆದಿಟ್ಟಿದ್ದರು. 2016ರಲ್ಲಿ ಆ ತುಂಡಿನ ಡಿಎನ್ಎ ಪರೀಕ್ಷೆಯ ಫಲಿತಾಂಶ ಬಂತು. ಹಸಿರು ಕಡಲಾಮೆ! ಅರವತ್ತು ಚಿಲ್ಲರೆ ವರ್ಷ ಮ್ಯಾಮತ್ ತಿಂದ ಗತ್ತು, ತಿಂದದ್ದು ಆಮೆ. ಇದನ್ನು ಓದಿದ ದಿನ ನಾನು ಒಬ್ಬಳೇ ಕೂತು ನಕ್ಕಿದ್ದಕ್ಕೆ ಮನೆಯವರು ಬಂದು ನೋಡಿಹೋದರು. (ನಿಜ ಹೇಳ್ತೀನಿ, ಆ ಊಟಕ್ಕೆ ನನ್ನನ್ನು ಕರೆದಿದ್ರೆ ಎರಡು ಸಲ ಕರೆಸಿಕೊಳ್ತಿರಲಿಲ್ಲ.)

ಗೊತ್ತು, ಗೊತ್ತು. "ಇಂಥ ವಿಡಿಯೋಗಳಿಂದ ಬೇರೆಯವರ ಊಟದ ಬಗ್ಗೆ ನಮ್ಮ ಅಸಹ್ಯ ಹೋಗುತ್ತೆ, ಮನಸ್ಸು ದೊಡ್ಡದಾಗುತ್ತೆ" ಅಂತ ಯಾರೋ ಈಗಾಗಲೇ ಟೈಪ್ ಮಾಡ್ತಿರ್ತೀರಿ. ಅಸಹ್ಯ ಅನ್ನೋದು ಬರೀ ಅಭ್ಯಾಸ ಅನ್ನೋದನ್ನು ಒಪ್ತೀನಿ. ಜಗತ್ತಿನಲ್ಲಿ ಸುಮಾರು 200 ಕೋಟಿ ಜನರ ಊಟದಲ್ಲಿ ಕೀಟಗಳಿವೆ, 1900ಕ್ಕೂ ಹೆಚ್ಚು ಜಾತಿ ಕೀಟಗಳನ್ನು ತಿಂತಾರೆ ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲೇ ಹೇಳಿತ್ತು. ವಾಂತಿ ಇಮೋಜಿ ಹಾಕಿದ ಮಡಿವಂತರಿಗೂ ಒಂದು ಮಾತು: ನೀವು ಚೀಪೋ ಕೆಂಪು ಮಿಠಾಯಿಯ ಬಣ್ಣ ಕಾರ್ಮೈನ್ ಆಗಿದ್ರೆ, ಅದು ಕೊಚಿನೀಲ್ ಕೀಟಗಳನ್ನು ಒಣಗಿಸಿ ಅರೆದು ತೆಗೆದದ್ದು. ಮೇಲಿನ ಹೊಳಪು ಅರಗಿನದ್ದಾದ್ರೆ ಅದೂ ಕೀಟದ್ದೇ. ಚೀಪಿ, ಆಯುಷ್ಯ ಹೆಚ್ಚಲಿ.

ಆದ್ರೆ ಈ ವಿಡಿಯೋಗಳಿಂದ ಮನಸ್ಸು ದೊಡ್ಡದಾಗುತ್ತೆ ಅನ್ನೋದು ಶುದ್ಧ ಸುಳ್ಳು. ಆ 200 ಕೋಟಿ ಜನ ಹುಳು ತಿನ್ನುವಾಗ ಹುಬ್ಬು ಹಾರಿಸಲ್ಲ, ಮಕ್ಕಳಿಗೆ "ಸಾಕಾ, ಇನ್ನೊಂಚೂರು ಹಾಕ್ಲಾ" ಅಂತ ಬಡಿಸ್ತಾರೆ. ಹುಬ್ಬು ಹಾರಿಸಿದ ಕ್ಷಣವೇ "ನೋಡಿ, ಇದು ಮನುಷ್ಯರು ತಿನ್ನೋದಲ್ಲ, ಆದ್ರೂ ನಾನು ತಿಂದೆ" ಅಂತ ಹೇಳಿದ ಹಾಗೆ. ಇನ್ನೊಬ್ಬರ ಮನೆಯ ಊಟಕ್ಕೆ ಇದಕ್ಕಿಂತ ದೊಡ್ಡ ಅವಮಾನ ಇದೆಯಾ?

"ಅವನ ಹೊಟ್ಟೆ, ಅವನಿಷ್ಟ" ಅನ್ನೋರಿಗೆ ಎರಡು ಕರಡಿ ಕತೆ. 1597ರಲ್ಲಿ ಉತ್ತರ ಧ್ರುವದ ಕಡೆ ಹೋಗಿ ನೊವಾಯಾ ಜೆಮ್ಲ್ಯಾ ದ್ವೀಪದಲ್ಲಿ ಸಿಕ್ಕಿಬಿದ್ದಿದ್ದ ಬ್ಯಾರೆಂಟ್ಸ್ ತಂಡದ ಡಚ್ ನಾವಿಕರು ಹಿಮಕರಡಿಯ ಲಿವರ್ ಬೇಯಿಸಿ ತಿಂದರು. ಕಾಯಿಲೆ ಬಿದ್ದರು, ಮೂವರಿಗೆ ಅಡಿಯಿಂದ ಮುಡಿವರೆಗೂ ಚರ್ಮ ಸುಲಿದು ಬಂತು. ಆ ಲಿವರಿನಲ್ಲಿ ವಿಟಮಿನ್ ಎ ಮಿತಿಮೀರಿ ತುಂಬಿರುತ್ತೆ ಅಂತ ವಿಜ್ಞಾನ ಕಂಡುಕೊಂಡಿದ್ದು ಇಪ್ಪತ್ತನೇ ಶತಮಾನದಲ್ಲಿ. ಆ ಭಾಗ ಮುಟ್ಟಬಾರದು ಅಂತ ಅಲ್ಲೇ ಉತ್ತರದಲ್ಲಿ ಬಾಳಿದ ಇನ್ಯುಯಿಟ್ ಜನಕ್ಕೆ ಮೊದಲಿಂದಲೂ ಗೊತ್ತಿತ್ತು. ಹಸಿದು ಸಾಯ್ತಿದ್ದ ನಾವಿಕರನ್ನು ನಾನು ಬೈಯಲ್ಲ. ಕೈಯಲ್ಲಿ ಇಂಟರ್ನೆಟ್ ಇಟ್ಟುಕೊಂಡು, ಹೊಟ್ಟೆ ತುಂಬಿದಮೇಲೆ ಇದನ್ನೇ ಮಾಡೋರನ್ನು ಏನನ್ನಬೇಕು?

ಎರಡನೆಯದು 2022ರದ್ದು, ಅಮೆರಿಕದ ಸೌತ್ ಡಕೋಟಾ. ಕುಟುಂಬದವರೆಲ್ಲ ಸೇರಿದ್ದರು, ಬೇಟೆಯ ಕರಡಿ ಮಾಂಸದ ಕಬಾಬು. ಮಾಂಸ 45 ದಿನ ಫ್ರೀಜರಿನಲ್ಲಿತ್ತು, ಇನ್ನೇನು ಭಯ ಅಂದುಕೊಂಡರು. ಕರಡಿ ಮಾಂಸದ ಬಣ್ಣವೇ ಕಪ್ಪು, ಬೆಂದಿದೆಯೋ ಇಲ್ಲವೋ ನೋಡಿದರೆ ಗೊತ್ತಾಗಲ್ಲ. ಒಳಗಿದ್ದ ಟ್ರಿಕಿನೆಲ್ಲಾ ಹುಳುವಿನ ಮರಿಗಳು ಫ್ರೀಜರಿನ ಚಳಿಗೆ ಸಾಯೋ ಜಾತಿಯಲ್ಲ. ಅದಕ್ಕೆ ಇರೋದು ಒಂದೇ ದಾರಿ, ಒಳಗಿನ ತನಕ 74 ಡಿಗ್ರಿ ಸೆಲ್ಸಿಯಸ್ ಬಿಸಿ ಹತ್ತಬೇಕು. ಆರು ಜನಕ್ಕೆ ಸೋಂಕು ತಗುಲಿತು. ಅದರಲ್ಲಿ ಇಬ್ಬರು ಕರಡಿ ಮಾಂಸ ಮುಟ್ಟೇ ಇರಲಿಲ್ಲ, ಅದರ ಜೊತೆ ಬೆಂದ ತರಕಾರಿ ಮಾತ್ರ ತಿಂದಿದ್ದರು.

ಇದು ಹೊಟ್ಟೆಯ ಮಟ್ಟಿಗೇ ನಿಲ್ಲಲ್ಲ. 2003ರಲ್ಲಿ ಸಾರ್ಸ್ ಅನ್ನೋ ಉಸಿರಾಟದ ಸೋಂಕು ಹರಡಿದಾಗ ಚೀನಾದ ಗುವಾಂಗ್‌ಡಾಂಗ್ ಮಾರುಕಟ್ಟೆಯ ಪುನುಗುಬೆಕ್ಕುಗಳಲ್ಲಿ ಅದೇ ಬಗೆಯ ವೈರಸ್ ಸಿಕ್ಕಿತ್ತು. 2020ರ ಫೆಬ್ರವರಿಯಲ್ಲಿ ಆ ದೇಶ ನೆಲದ ಕಾಡುಪ್ರಾಣಿಗಳನ್ನು ತಿನ್ನೋದನ್ನೇ ನಿಷೇಧಿಸಿತು. ಇಂಥ ಪ್ರಾಣಿಗಳ ವಿಷಯದಲ್ಲಿ ತಿನ್ನೋನಿಗಿಂತ ಮೊದಲು ಅಪಾಯ ತಟ್ಟೋದು ಹಿಡಿಯೋರಿಗೆ, ಕೊಯ್ಯೋರಿಗೆ, ತೊಳೆಯೋರಿಗೆ. ಹಸಿ ರಕ್ತ ಆಗೋದು ಅವರ ಕೈಗೆ ತಾನೇ? ಆ ಕೈಗಳನ್ನು ಈ ವಿಡಿಯೋಗಳಲ್ಲಿ ಎಂದಾದ್ರೂ ನೋಡಿದ್ದೀರಾ? ಚೌಕಟ್ಟಿನೊಳಗೆ ಬರೋ ಹೊತ್ತಿಗೆ ಎಲ್ಲಾ ಕೊಯ್ದು, ತೊಳೆದು, ಕಡ್ಡಿಗೆ ಚುಚ್ಚಿ ರೆಡಿ.

ಟ್ಯಾಗ್ ಮಾಡಬೇಡಿ ಅಂತ ಹೇಳ್ತಿಲ್ಲ. ಮಾಡಿ. ಶಾರ್ಕ್ ಹೂಳೋದು, ಹುಳು ಹಿಸುಕೋದು, ಫುಗು ಮೀನಿನ ಲಿವರನ್ನು ಒಡೆಯದ ಹಾಗೆ ಬೇರೆ ಮಾಡೋದು ಇದ್ರೆ ಮೂರು ಗಂಟೆ ಆದ್ರೂ ಕೂತು ನೋಡ್ತೀನಿ, ಬೇರೆ ಭಾಷೆಯಲ್ಲಿದ್ರೂ ಪರವಾಗಿಲ್ಲ. ಕಣ್ಣರಳಿಸಿ "ಸೇಮ್ ಚಿಕನ್" ಅನ್ನೋದೊಂದೇ ಇದ್ರೆ ದಯವಿಟ್ಟು ನನ್ನ ಹೆಸರು ಬಿಟ್ಟು ಬೇರೆ ಯಾರದ್ದಾದ್ರೂ ಹಾಕ್ಕೊಳ್ಳಿ.