ಸಭೆಯ ಸುದ್ದಿಯೇ ಬೇರೆ, ಸೋಂಕಿನ ಸುದ್ದಿಯೇ ಬೇರೆ?

ಕೋವಿಡ್ ಎರಡನೇ ಅಲೆಯಲ್ಲಿ ಪತ್ರಕರ್ತರು ಚುನಾವಣಾ ಸಭೆಗಳನ್ನು ನಡೆದಂತೆ ವರದಿ ಮಾಡಿದರು, ಅದಕ್ಕಿಂತ ಹೆಚ್ಚಿನದು ಅವರ ಕೆಲಸವಲ್ಲ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಮಾಡಿರುವ ವಾದವನ್ನು ಪೂರ್ತಿ ಒಪ್ಪಲಾರೆ. 2021ರ ಏಪ್ರಿಲ್ 17ರಂದು ಪಶ್ಚಿಮ ಬಂಗಾಳದ ಅಸನ್ಸೋಲ್‌ನಲ್ಲಿ ಪ್ರಧಾನಿಯವರು ತಮ್ಮ ಸಭೆಗೆ ಸೇರಿದ್ದ ಜನಸಂದಣಿಯನ್ನು ಮೆಚ್ಚಿ ಮಾತನಾಡಿದಾಗ ದೇಶದಲ್ಲಿ ದಿನಕ್ಕೆ 2 ಲಕ್ಷಕ್ಕೂ ಹೆಚ್ಚು ಹೊಸ ಪ್ರಕರಣಗಳು ದಾಖಲಾಗುತ್ತಿದ್ದವು; ಆದರೆ ನಾನು ನೋಡಿದ ವಾಹಿನಿಗಳಲ್ಲಿ ಇವೆರಡೂ ಒಂದಕ್ಕೊಂದು ಸಂಬಂಧವೇ ಇಲ್ಲದ ಸುದ್ದಿಗಳಂತೆ ಬಂದವು. ಅದೇ ದಿನ ನಮ್ಮ ಬೆಳಗಾವಿ, ಮಸ್ಕಿ, ಬಸವಕಲ್ಯಾಣಗಳಲ್ಲಿ ಉಪಚುನಾವಣೆಯ ಮತದಾನವಿತ್ತು. ಬೆಳಗಾವಿಯಲ್ಲಿ ಪ್ರಚಾರ ಮಾಡಿದ್ದ ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರಿಗೆ ಹಿಂದಿನ ದಿನವಷ್ಟೇ ಸೋಂಕು ದೃಢಪಟ್ಟಿತ್ತು. ಅವರ ಆರೋಗ್ಯದ ಬಗ್ಗೆ ಗಂಟೆಗೊಂದು ಸುದ್ದಿ ಬಂತು (ತಪ್ಪೇನಿಲ್ಲ), ಆದರೆ ಆ ಸಭೆಗಳಿಗೆ ಬಂದಿದ್ದ ಸಾಮಾನ್ಯರ ಗತಿಯೇನೆಂದು ಕೇಳಿದ ವರದಿ ನನ್ನ ಕಣ್ಣಿಗೆ ಬೀಳಲಿಲ್ಲ.

ಇಂಥ ಪ್ರಚಾರ ಸಭೆಗಳನ್ನು ತಡೆಯಲಿಲ್ಲವೆಂದು ಮದ್ರಾಸ್ ಹೈಕೋರ್ಟ್ ಚುನಾವಣಾ ಆಯೋಗವನ್ನು ಕಟುವಾಗಿ ಟೀಕಿಸಿದಾಗ, ನ್ಯಾಯಮೂರ್ತಿಗಳ ಮೌಖಿಕ ಮಾತುಗಳನ್ನು ಮಾಧ್ಯಮಗಳು ಪ್ರಕಟಿಸದಂತೆ ತಡೆಯಬೇಕೆಂದು ಆಯೋಗ ಕೋರಿತ್ತು. ಮೇ 6ರಂದು ಸುಪ್ರೀಂ ಕೋರ್ಟ್ ಅದಕ್ಕೆ ಒಪ್ಪಲಿಲ್ಲ. ನ್ಯಾಯಾಲಯದ ಒಳಗೆ ಅಷ್ಟು ದಿಟ್ಟವಾಗಿ ಬಳಕೆಯಾದ, ವರದಿ ಮಾಡುವ ಆ ಸ್ವಾತಂತ್ರ್ಯ ಪ್ರಚಾರದ ಮೈದಾನದಲ್ಲಿ ಏಕೆ ಬಳಕೆಯಾಗಲಿಲ್ಲ ಎಂಬುದಕ್ಕೆ ಲೇಖನದಲ್ಲಿ ಉತ್ತರ ಕಾಣಲಿಲ್ಲ.