ಕೈಚಕ್ಕುಲಿಯನ್ನೂ ಸೇರಿಸಿ

ಚೌತಿಗೆ ನೆಂಟರಿಗೆ ಹಂಚುವ ತಿಂಡಿಗಳ ಬಗ್ಗೆ ಚೆನ್ನಾಗಿ ಬರೆದಿದ್ದೀರಿ. ಆದರೆ ಚಕ್ಕುಲಿ ಅಂದರೆ ಒರಳಿನಲ್ಲಿ ಒತ್ತುವುದನ್ನು ಮಾತ್ರ ಹೇಳಿದ್ದೀರಿ. ನಮ್ಮ ಸಾಗರದ ಕಡೆ, ಒರಳಿಲ್ಲದೆ ಕೈಯಲ್ಲೇ ಸುತ್ತುವ ಕೈಚಕ್ಕುಲಿ ಇಲ್ಲದೆ ಚೌತಿಯೇ ಇಲ್ಲ.

ನಮ್ಮನೆ ಅಳತೆ 4 ಪಾವು ಅಕ್ಕಿಗೆ 1 ಪಾವು ಉದ್ದಿನಬೇಳೆ. ಅಕ್ಕಿಯನ್ನು ತೊಳೆದು ಒಣಗಿಸಿ ಸ್ವಲ್ಪ ಬೆಚ್ಚಗೆ ಮಾಡಿ. ಬೇಳೆಯನ್ನು ಘಮ್ಮೆನ್ನುವವರೆಗೆ ಹುರಿಯಿರಿ. ಎರಡನ್ನೂ ನುಣ್ಣಗೆ ಬೀಸಿ, ಉಪ್ಪು, ಎಳ್ಳು, ಬೆಣ್ಣೆ ಹಾಕಿ. ನೀರು ಮಾತ್ರ ಒಮ್ಮೆಗೇ ಸುರಿಯಬೇಡಿ. ನಾದುವುದರಲ್ಲೇ ಎಲ್ಲ ಇರುವುದು. ಸುತ್ತುವಾಗ ಎಳೆ ತುಂಡಾಗುತ್ತಿದ್ದರೆ ನಾದಿದ್ದು ಸಾಲದು ಅಂತ ಅರ್ಥ. ಬೆರಳಿಗೆ ಎಣ್ಣೆ ಮುಟ್ಟಿಸಿಕೊಂಡು, ಹಿಟ್ಟನ್ನು ಹಗ್ಗದ ಹಾಗೆ ಹುರಿ ಮಾಡುತ್ತಾ ಬಾಳೆಲೆ ಮೇಲೆ ಸುತ್ತಬೇಕು. ಎಣ್ಣೆ ಹದವಾಗಿ ಕಾಯಲಿ, ಉರಿ ಜಾಸ್ತಿಯಾದರೆ ಒಳಗೆ ಹಸಿ ಉಳಿಯುತ್ತದೆ.

ಇದು ಒಬ್ಬರ ಕೆಲಸ ಅಲ್ಲ. ಅದಕ್ಕೇ ಅಲ್ವಾ ಚಕ್ಕುಲಿ ಕಂಬಳ ಅಂತ ಮಾಡುವುದು! ಅಕ್ಕಪಕ್ಕದ ಮನೆಯವರು, ಗಂಡಸರು ಕೂಡ, ಸುತ್ತ ಕೂತು ಮಾತಾಡುತ್ತಾ ಸುತ್ತುತ್ತಾರೆ. ಅಪ್ಪಯ್ಯ ಏಳು ಸುತ್ತು ಹಾಕುತ್ತಿದ್ದರು, ಎಲ್ಲೂ ಎಳೆ ಕಡಿಯುತ್ತಿರಲಿಲ್ಲ.

ಹೋದ ವರ್ಷ ಶಿವಮೊಗ್ಗದಿಂದ ಬಂದ ತಂಗಿ ಮಕ್ಕಳನ್ನೂ ಕೂರಿಸಿಕೊಂಡೆವು. ಅವರು ಸುತ್ತಿದ ಚಕ್ಕುಲಿಯನ್ನೇ ಡಬ್ಬಿ ತುಂಬಿ ಅವರ ಸ್ನೇಹಿತರ ಮನೆಗೆಲ್ಲ ಕಳಿಸಿದೆವು.